ಎರಡನೇ ಬುಧವಾರ

ನರದ ಡಾಕ್ಟರು ಬರುವುದು ತಿಂಗಳ ಎರಡನೇ ಬುಧವಾರ.
ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಹದಿನಾಲ್ಕನೇ ಕೋಣೆಗೆ
ಅವತ್ತು ಮಾತ್ರ ಬೀಗ ತೆಗೆಯುತ್ತೇನೆ,
ಮೇಜು ಒರೆಸಿ ಇಡುತ್ತೇನೆ
ಸುತ್ತಿಗೆ, ಟಾರ್ಚು, ಬಿಳಿ ಹಾಳೆ, ಒಂದು ಪೆನ್ನು.

ಚೀಟಿ ಕೊಡುವವಳು ನಾನು. ಓದಿದ್ದು ಏಳನೇ ಕ್ಲಾಸು.
ಆದರೂ ಗೇಟಿನಿಂದ ಬೆಂಚಿಗೆ ಬರುವಷ್ಟರಲ್ಲಿ
ಇವರು ಬುಧವಾರದವರು ಅಂತ ಗೊತ್ತಾಗುತ್ತದೆ.
ಒಂದು ಕೈ ಬೀಸುತ್ತದೆ, ಇನ್ನೊಂದು ಬೀಸುವುದಿಲ್ಲ,
ಯಾರೋ ನೋಡಿಕೊಳ್ಳಿ ಅಂತ ಕೊಟ್ಟು ಹೋದ ಗಂಟಿನ ಹಾಗೆ
ಪಕ್ಕೆಗೆ ಒತ್ತಿಕೊಂಡಿರುತ್ತಾರೆ.
ಚಪ್ಪಲಿ ಬಿಟ್ಟಾಗ ನೋಡಬೇಕು:
ಒಂದು ಕಾಲಿನದು ಹೆಬ್ಬೆರಳ ಹತ್ತಿರ ತೂತು,
ಇನ್ನೊಂದು ಇನ್ನೂ ಅಂಗಡಿಯದೇ.

ಡಾಕ್ಟರು ಮಾತು ಕಡಿಮೆ. ಹಾಳೆ ಸರಿಸಿ
"ಚಕ್ಕುಲಿ ಬರೀರಿ" ಅನ್ನುತ್ತಾರೆ.
ನಡುವಿನಿಂದ ಶುರು, ಕೈ ಊರದೆ, ಪೆನ್ನು ಎತ್ತದೆ
ಸುತ್ತಿ ಸುತ್ತಿ ಹೊರಗೆ.

ಕ್ಷೌರದ ಚಂಗಲರಾಯಪ್ಪನ ಚಕ್ಕುಲಿಗೆ ಸುತ್ತಲೂ ಮುಳ್ಳು.
ಸುಮ್ಮನೆ ಕೂತರೆ ಆ ಕೈ ಗುಂಡುಕಲ್ಲು;
ಟೀ ಲೋಟ ತುಟಿಗೆ, ಕತ್ತಿ ಕೆನ್ನೆಗೆ
ಹತ್ತಿರ ಬಂದಾಗಲೇ ಅದರ ಕುಣಿತ.
"ನಮ್ಮಪ್ಪಂಗೂ ಇತ್ತು ಸಾಮಿ. ಒಂದು ಕ್ವಾರ್ಟರು ಬಿದ್ರೆ ನಿಲ್ತದೆ.
ಕುಡಿದವನ ಕೈಗೆ ಗಂಟಲು ಯಾರು ಕೊಡ್ತಾರೆ?"
ಡಾಕ್ಟರು ನಕ್ಕು, ನಗುತ್ತಲೇ ಮಾತ್ರೆ ಬರೆದರು.

ಟೈಲರ್ ಜಬೀನಾಳ ಚಕ್ಕುಲಿ ಅಂಗಡಿಗೆ ಇಡಬಹುದು, ಅಷ್ಟು ದುಂಡಗೆ.
ಅದಕ್ಕೇ ಮನೆಯಲ್ಲಿ ಎಲ್ಲರೂ ನಾಟಕ ಅಂದದ್ದು.
ಡಾಕ್ಟರು ಬ್ಯಾಂಡೇಜಿನ ಕತ್ತರಿ ತರಿಸಿದರು.
ಹಿಡಿದದ್ದೇ ತಡ ಹೆಬ್ಬೆರಳು ಒಳಗೆ ಮಡಚಿತು
ಮುಟ್ಟಿದ ಬಸವನಹುಳುವಿನ ಹಾಗೆ.
ಅವಳು ಬೆರಳನ್ನು ನೋಡಲಿಲ್ಲ, ಅತ್ತೆಯ ಮುಖ ನೋಡಿದಳು.
ಕಾಯಿಲೆ ಇದೆ ಎಂದು ತಿಳಿದು ಅಷ್ಟು ಹಗುರಾದವರನ್ನು
ನಾನು ಆಮೇಲೆ ಕಂಡಿಲ್ಲ.

ಎಲೆಅಡಿಕೆಯಿಲ್ಲದೆ ಅಗಿಯುತ್ತಲೇ ಇರುವ ಅಜ್ಜಿಯೊಬ್ಬಳಿದ್ದಳು,
ಅವಳ ಚೀಲದ ಮಾತ್ರೆಗಳಲ್ಲಿ ಒಂದನ್ನು
ಡಾಕ್ಟರು ಕಸದ ಡಬ್ಬಿಗೆ ಹಾಕಿದರು.

ಇಪ್ಪತ್ತೆರಡನೇ ಚೀಟಿ ಗಂಗುಲಪ್ಪ.
ನಲವತ್ತು ವರ್ಷ ರೇಷ್ಮೆ ಬಿಚ್ಚಿದವನು,
ಕುದಿಯುವ ನೀರಲ್ಲಿ ಗೂಡಿನ ಎಳೆ ಹುಡುಕಿದ ಬೆರಳು
ಈಗ ತೊಡೆಯ ಮೇಲೆ ಬರೀ ಗಾಳಿಯಲ್ಲಿ
ಹೆಬ್ಬೆರಳಿಗೆ ಉಜ್ಜಿ ಉಜ್ಜಿ ಹುಡುಕುತ್ತಲೇ ಇದೆ.
ಅವನ ಚಕ್ಕುಲಿ ಒಂದು ಗೂಡಿನಷ್ಟೂ ಇರಲಿಲ್ಲ,
ಹೊರಗೆ ಹೋಗಬೇಕಾದ ಗೆರೆ ನಾಚಿಕೊಂಡು ಒಳಗೇ ಉಳಿದಿತ್ತು.
"ವಾಸನೆ ತಿಳೀತದಾ?"
ಹೆಂಡತಿ ಕದಿರಮ್ಮ ಹೇಳಿದಳು:
"ಎಂಟು ವರ್ಷ ಆಯ್ತು. ಬೆಂದ ಹುಳದ ನಾತ ಬರಲ್ಲ ಅಂದ.
ನೀನೇ ಪುಣ್ಯವಂತ ಕಣಯ್ಯಾ ಅಂದ್ವಿ."
ಡಾಕ್ಟರು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ.

ಹೋದ ತಿಂಗಳು ಹೊಸ್ತಿಲ ಮುಂದೆ
ಅವನ ಕಾಲು ನೆಲಕ್ಕೆ ಅಂಟಿ ನಿಂತಾಗ
ನಾನು ಸೀಮೆಸುಣ್ಣದಲ್ಲಿ ಗೇಣು ಗೇಣಿಗೆ ಗೆರೆ ಎಳೆದಿದ್ದೆ;
ಕುಂಟೆಬಿಲ್ಲೆಯ ಹುಡುಗನ ಹಾಗೆ ದಾಟಿ ಬಂದಿದ್ದ.
ಇವತ್ತು ಹೊರಗೆ ಹೋಗುವಾಗ ನೆಲ ಹಸಿ, ಸುಣ್ಣ ಹತ್ತಲಿಲ್ಲ.
ಹಿಂದೆ ಸಾಲು ಗೊಣಗಿತು. ಕಾಲು ನಿಂತಲ್ಲೇ ತಕತಕ.

ಕದಿರಮ್ಮ ಸೀರೆ ಸ್ವಲ್ಪ ಎತ್ತಿ
ತನ್ನ ಪಾದವನ್ನು ಅವನ ಮುಂದೆ ಅಡ್ಡ ಇಟ್ಟಳು.
"ದಾಟು."
ಅವನ ಮುಖದಲ್ಲಿ ಏನೂ ಕಾಣುವುದಿಲ್ಲ, ಕಾಯಿಲೆಯೇ ಹಾಗೆ,
ಧ್ವನಿಯೂ ಬಾವಿಯ ತಳದಲ್ಲಿದೆ:
"ಮನುಷ್ಯರನ್ನ ದಾಟಬಾರದು."
"ದಾಟಯ್ಯಾ, ಬಸ್ಸು ಹೋಗ್ತದೆ."

ದಾಟಿದ. ದೊಡ್ಡ ಹೆಜ್ಜೆ, ಹದಿನೆಂಟರವನದು.
ದಾಟಿದ ಮೇಲೆ ಅಲ್ಲೇ ನಿಂತು
ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ,
ಅದಕ್ಕೆ ಅವಳ ಭುಜ ಮುಟ್ಟಿದ.
ಕೈ ಅಲ್ಲಿಂದ ಕಣ್ಣಿನ ಕಡೆಗೆ ಹೊರಟಿತು.

ಇಪ್ಪತ್ಮೂರನ್ನು ಕರೆದೆ, ಇಪ್ಪತ್ನಾಲ್ಕನ್ನು ಕರೆದೆ.
ಕೈ ಇನ್ನೂ ದಾರಿಯಲ್ಲಿತ್ತು.
ಅವಳು ಕಾಯುತ್ತಿದ್ದಳು, ಬಸ್ಸಿನ ಮಾತೆತ್ತದೆ.